ಶಾಲೆಗೊಂದು ಗಾಜಿನ ಬೀರು

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಪ್ರತಿ ವರ್ಷ ಗಿಡ ನೆಡುತ್ತದೆ, ಕೆರೆ ದಂಡೆಯ ಪ್ಲಾಸ್ಟಿಕ್ ಹೆಕ್ಕುತ್ತದೆ, ಫೋಟೊ ತೆಗೆಸಿಕೊಳ್ಳುತ್ತದೆ. ಈ ಸಲ ಹೆಬ್ಬಾಳದ ಒಂದು ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ನಮ್ಮ ಸರ್ ಹತ್ತಿರ ನೇರವಾಗಿ ಹೇಳಿಬಿಟ್ಟರು: "ಗಿಡ ಇಡೋಕೆ ಜಾಗ ಇಲ್ಲ ಸರ್. ಆದರೆ ನಮ್ಮ ಮಕ್ಕಳಿಗೆ ಒಂದು ಶೋಕೇಸ್ ಮಾಡಿಕೊಡಿ."

ಅಲ್ಲಿನ ಐದನೇ ತರಗತಿಯ ಮಕ್ಕಳು ಮನೆಯಲ್ಲಿದ್ದ ಹಳೆಯ ಸಾಮಾನು ತಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು. ಪಾವು, ಸೇರು, ಎತ್ತಿನ ಕೊರಳಗಂಟೆ, ಒಬ್ಬಳ ಅಜ್ಜಿಯ ಕುಂಕುಮದ ಭರಣಿ, ಇನ್ನೊಬ್ಬನ ದಾದಿಯ ಪಾನ್‌ದಾನ್, ದಿನಾ ಕೀಲಿ ಕೊಡಬೇಕಾದ ಎಚ್‌ಎಂಟಿ ಜನತಾ ವಾಚು. ಆ ವಾಚು ತಂದ ಹುಡುಗನ ತಾತ ಜಾಲಹಳ್ಳಿಯ ಕಾರ್ಖಾನೆಯಲ್ಲೇ ಕೆಲಸ ಮಾಡಿದವರಂತೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅಲ್ಲಿ ವಾಚು ತಯಾರಿ ಶುರುವಾಗಿತ್ತು ಎಂದು ಮೇಡಂ ಹೇಳಿದಾಗ ಹುಡುಗ ಕಾಲರ್ ಸರಿಮಾಡಿಕೊಂಡ.

ಇವೆಲ್ಲದರ ಜೊತೆ ಒಂದು ದೊಡ್ಡ ಫೋಟೊ ಇತ್ತು, ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನದು. 2018ರಲ್ಲಿ ನೆಲ ಅಗೆಯುವಾಗ ಬೆಳಕಿಗೆ ಬಂದ ಕಲ್ಲು ಅದು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಾಳಗದಲ್ಲಿ ಸತ್ತ ಕಿತ್ತಯ್ಯನ ಹೆಸರೂ 'ಪೆರ್ಬೊಳಲ್ನಾಡು' ಎಂಬ ಮಾತೂ ಅದರಲ್ಲಿವೆ. ಫ್ಲೈಓವರ್ ಮೇಲೆ ಬಸ್ಸಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನಾವು ಬೈಯುವ ಹೆಬ್ಬಾಳಕ್ಕೆ ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯ ಹೆಸರಿದೆ ಎಂದು ನನಗೆ ಗೊತ್ತಾದದ್ದು ಆ ಮಕ್ಕಳಿಂದ.

ಸರ್ ತರಗತಿಯಲ್ಲಿ "ಯಾರಿಗಾದರೂ ಬಡಗಿ ಪರಿಚಯ ಇದ್ದಾರಾ?" ಎಂದರು. ನಾನು ಕೈ ಎತ್ತಿದೆ. ನನ್ನ ಅಬ್ಬಾ ಮೂವತ್ತು ವರ್ಷದಿಂದ ಬಡಗಿ.

ಮನೆಯಲ್ಲಿ ಇದು ಸುಲಭದ ವಿಷಯವಾಗಿರಲಿಲ್ಲ. ಅಬ್ಬಾರ ಎಡಗೈ ತೋರುಬೆರಳಿನ ತುದಿ ಇಲ್ಲ. ನಾನು ಮೂರನೇ ತರಗತಿಯಲ್ಲಿದ್ದಾಗ ಅವರು ಕೆಲಸಕ್ಕಿದ್ದ ಕಡೆ ಯಂತ್ರದ ಗರಗಸಕ್ಕೆ ಹೋಯಿತು. ಮಾಲೀಕರು ಕೊಟ್ಟದ್ದು ಮೂರು ದಿನದ ಕೂಲಿ. ಅಂದಿನಿಂದ ಮನೆಯಲ್ಲಿ ಅವರ ಹತ್ಯಾರದ ಪೆಟ್ಟಿಗೆಯನ್ನು ಯಾರೂ ಮುಟ್ಟುವಂತಿಲ್ಲ. ನಾನಂತೂ ಓದಬೇಕು, ಲೆಕ್ಚರರ್ ಆಗಬೇಕು, ಅಷ್ಟೇ. ಶಾಲೆಯ ಕೆಲಸ ಎಂದಾಗ ಒಪ್ಪಿದರು, ಆದರೆ "ನೀನು ಲೆಕ್ಕ ಬರೆದುಕೋ ಬೇಟಾ, ಕೆಲಸ ಹುಡುಗರು ಮಾಡಲಿ" ಎಂಬ ಷರತ್ತಿನ ಮೇಲೆ.

ಲೆಕ್ಕವೇ ಬರೆದೆ. ಎಂಟಕ್ಕೆ ನಾಲ್ಕು ಅಡಿಯ 18 ಮಿಲಿಮೀಟರ್ ಪ್ಲೈವುಡ್ ಒಂದು ಹಾಳೆ ಸಾಕಾಯಿತು. ಅಂಗಡಿಯವನು ಕಡಿಮೆ ಬೆಲೆಯ ಎಂ.ಆರ್. ತೋರಿಸಿದ. ಅಬ್ಬಾ ಅಂಚನ್ನು ತಿರುಗಿಸಿ ನನಗೆ ತೋರಿಸಿದರು: ಇದರ ಅಂಟು ಗಾಳಿಯ ತೇವ ತಡೆಯುತ್ತದೆ, ನೀರು ಬಿದ್ದರೆ ಪದರ ಬಿಡುತ್ತದೆ. ಬಿ.ಡಬ್ಲ್ಯು.ಆರ್. ಎಂದರೆ ಕುದಿಯುವ ನೀರಿಗೂ ಜಗ್ಗದ್ದು. ಅದರ ಅಂಟಿನ ಗೆರೆ ಕಪ್ಪಗಿರುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಎಂದು ನಾನು ಉರು ಹೊಡೆದದ್ದು ಆ ಕಪ್ಪು ಗೆರೆಯನ್ನೇ. ಚೌಕಟ್ಟಿಗೂ ಬಾಗಿಲಿಗೂ ಕೆಡವಿದ ಮನೆಯೊಂದರ ಹೊನ್ನೆ ಮರದ ದಾರಂದ ಸಿಕ್ಕಿತು. ಮೊಳೆ ಕೀಳುವುದಕ್ಕೇ ಇಬ್ಬರು ಹುಡುಗರಿಗೆ ಒಂದು ಭಾನುವಾರ ಹಿಡಿಯಿತು.

ಎತ್ತರದ ಮಾತು ಬಂದಾಗ ಎಲ್ಲರೂ ಆರು ಅಡಿ ಎಂದೆವು. ಮನೆಗಳಲ್ಲಿ ಹಾಗೇ ಇರುತ್ತದಲ್ಲ. ಅಬ್ಬಾ ಟೇಪು ಹಿಡಿದು ಶಾಲೆಗೆ ಹೋಗಿ ಒಂದನೇ ತರಗತಿಯ ಅತಿ ಗಿಡ್ಡ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ನೆಲದಿಂದ ಕಣ್ಣಿನವರೆಗೆ ಅಳೆದರು. ಮೂರು ಅಡಿ ನಾಲ್ಕು ಅಂಗುಲ. "ನೋಡೋರು ಇವರು ತಾನೆ?" ಅಂದರು. ಬೀರು ನಾಲ್ಕೂವರೆ ಅಡಿಗೆ ಇಳಿಯಿತು. ಕಿತ್ತಯ್ಯ ಮೂರಡಿಯ ಅರೆಗೆ ಬಂದ. ಗೋಡೆ ಮಳೆಗಾಲದಲ್ಲಿ ಒಸರುತ್ತದೆಂದು ನಾಲ್ಕು ಅಂಗುಲದ ಕಾಲು, ಹಿಂದೆ ಎರಡು ಅಂಗುಲ ಸಂದು. ಕಿಟಕಿಗೆ ಎದುರಾಗಿಟ್ಟರೆ ಫೋಟೊ ಬಿಸಿಲಿಗೆ ಮಾಸುತ್ತದೆಂದು ಪಕ್ಕದ ಗೋಡೆಗೆ ಸರಿಸಿದೆವು.

ಜಗಳವಾದದ್ದು ಬೀಗದ ವಿಷಯಕ್ಕೆ. ಮೇಡಂ ಎಲ್ಲಕ್ಕೂ ಬೀಗ ಬೇಕೆಂದರು: "ನೋಡಮ್ಮಾ, ವಾಚು ಕಳೆದರೆ ಆ ತಾತನಿಗೆ ಯಾರು ಉತ್ತರ ಹೇಳೋದು?" ಅವರ ಮಾತು ಸರಿಯೇ. ಆದರೆ ನಮ್ಮ ಮನೆಯ ಶೋಕೇಸಿನಲ್ಲಿ ಅಮ್ಮಿಯ ಮದುವೆಯ ಟೀ ಸೆಟ್ ಇದೆ, ನಾನು ಹುಟ್ಟಿದಾಗಿನಿಂದ ಅದರಲ್ಲಿ ಯಾರೂ ಚಹಾ ಕುಡಿದಿಲ್ಲ. ಮಕ್ಕಳೇ ತಂದ ಸಾಮಾನನ್ನು ಅವರೇ ಮುಟ್ಟಬಾರದೆಂದರೆ ಹೇಗೆ? ನಾನು ಸ್ವಲ್ಪ ಜೋರಾಗಿಯೇ ವಾದಿಸಿದೆ. ಕೊನೆಗೆ ವಾಚು, ಭರಣಿ, ಪಾನ್‌ದಾನ್, ಫೋಟೊ ಗಾಜಿನೊಳಗೆ. ಪಾವು, ಸೇರು, ಗಂಟೆ ಕೆಳಗಿನ ತೆರೆದ ಅರೆಯಲ್ಲಿ. ಈಗ ಆ ಗಂಟೆ ಬೆಳಗಿನಿಂದ ಸಂಜೆಯವರೆಗೆ ಬಾರಿಸುತ್ತದೆ. ಮೇಡಂ ನನ್ನನ್ನು ಕಂಡಾಗಲೆಲ್ಲ ಕಿವಿ ತೋರಿಸುತ್ತಾರೆ.

ಚೌಕಟ್ಟು ಕೂಡಿಸುವ ದಿನ ಒಬ್ಬ ಹುಡುಗ ಬರಲಿಲ್ಲ. ಮರದ ಆ ತುದಿ ಹಿಡಿಯುವವರು ಬೇಕಿತ್ತು. ಅಬ್ಬಾ ಸುತ್ತ ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಜಾಗ ಬಿಟ್ಟರು. ಸಂಜೆಯ ಹೊತ್ತಿಗೆ ನಾನು ಉಪ್ಪು ಕಾಗದ ಉಜ್ಜುತ್ತಿದ್ದೆ. ನೂರು ವರ್ಷದ ಕರಿ ಬಣ್ಣದ ಕೆಳಗಿನಿಂದ ಕೆಂಪು ಹೊನ್ನೆ ಎದ್ದು ಬಂತು, ನನ್ನ ಅಂಗೈಯೂ ಕೆಂಪಾಯಿತು.

ಹೋದ ವಾರದ ಮಳೆಗೆ ಬಲಗಡೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಉಜ್ಜುತ್ತಿದೆಯೆಂದು ಮೇಡಂ ಫೋನ್ ಮಾಡಿದ್ದರು. ಅಬ್ಬಾಗೆ ಯಶವಂತಪುರದಲ್ಲಿ ಕೆಲಸ. ರಾತ್ರಿ ಊಟವಾದ ಮೇಲೆ ಪೆಟ್ಟಿಗೆ ತೆರೆದು ಚಿಕ್ಕ ರಂದಾ ಹೊರತೆಗೆದರು, ಅಲಗನ್ನು ಹೆಬ್ಬೆರಳಿನಿಂದ ನೋಡಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ ನನ್ನ ಕಾಲೇಜು ಬ್ಯಾಗಿನ ಪಕ್ಕ ಇಟ್ಟರು. "ಮರದ ಎಳೆ ಹೋಗುವ ಕಡೆಗೇ ತಳ್ಳು. ಎರಡು ಸಲ ಸಾಕು, ಮೂರನೆಯದು ಬೇಡ."