ತಪ್ಪು ತೋರಿಸುವುದೂ ಒಂದು ವಿದ್ಯೆ

ಎದುರಿಗೆ ಕೂತು ಆಡಿದ ಮಾತಿಗೂ ಬರೆದು ಕಳಿಸಿದ ಮಾತಿಗೂ ಬಹಳ ಅಂತರವಿದೆ. 'ನಿನಗೇನು ಬುದ್ಧಿ ಇಲ್ಲವೇ?' ಎಂದು ಎದುರಿಗೆ ಕೇಳಿದರೆ, ಮುಖದ ಮೇಲಿನ ನಗು ಮಾತಿನ ಮೊನೆಯನ್ನು ಮೊಂಡು ಮಾಡುತ್ತದೆ. ಅದೇ ಮಾತು ಈ-ಮೇಲ್‌ನಲ್ಲಿ ಬಂದರೆ ನಗು ಕಾಣುವುದಿಲ್ಲ, ಮೊನೆ ಮಾತ್ರ ಚುಚ್ಚುತ್ತದೆ.

ಇದರ ಬಿಸಿ ಹೆಚ್ಚು ತಟ್ಟುವುದು ಸಂಬಳವಿಲ್ಲದೆ ಸಾಫ್ಟ್‌ವೇರ್ ಬರೆಯುವ ಸ್ವಯಂಸೇವಕರಿಗೆ. ಒಬ್ಬರು ಬೆಂಗಳೂರಿನಲ್ಲಿದ್ದರೆ ಇನ್ನೊಬ್ಬರು ಬರ್ಲಿನ್‌ನಲ್ಲಿ. ಒಬ್ಬರ ಮುಖವನ್ನು ಇನ್ನೊಬ್ಬರು ಕಂಡಿರುವುದಿಲ್ಲ.

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಮಿನಿಕ್ಸ್ ಬಳಸುವವರಿಗೆಲ್ಲ ಒಂದು ಪತ್ರ ಬರೆದ. ಹವ್ಯಾಸಕ್ಕಾಗಿ ಆಪರೇಟಿಂಗ್ ಸಿಸ್ಟಂ ಒಂದನ್ನು ಬರೆಯುತ್ತಿದ್ದೇನೆ, ಮಿನಿಕ್ಸ್‌ನಲ್ಲಿ ನಿಮಗೆ ಹಿಡಿಸಿದ್ದೇನು, ಹಿಡಿಸದ್ದೇನು ತಿಳಿಸಿ ಎಂಬುದು ಅದರ ಸಾರ. ಲಿನಕ್ಸ್ ಲೋಕಕ್ಕೆ ಪರಿಚಯವಾದದ್ದೇ ಹೀಗೆ, ಅಭಿಪ್ರಾಯ ಕೇಳಿದ ಪತ್ರದಿಂದ. ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಅದೇ ಇದೆ.

ಮರುವರ್ಷ ಜನವರಿಯಲ್ಲೇ, ಮಿನಿಕ್ಸ್ ಬರೆದ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್, ಲಿನಕ್ಸ್‌ನ ರಚನೆ ಹಳೆಯ ಕಾಲದ್ದು ಎಂದು ಎಲ್ಲರೆದುರು ಟೀಕಿಸಿದರು. ಹುಡುಗ ಬಿಸಿಯಾಗಿಯೇ ಉತ್ತರಿಸಿದ. ಆಮೇಲೆ ತನ್ನ ಧಾಟಿ ಅತಿಯಾಯಿತೆಂದು ಕ್ಷಮೆಯನ್ನೂ ಕೇಳಿದ. ವಾದ ನಡೆಯಿತು, ಆದರೆ ಕೆಲಸ ನಿಲ್ಲಲಿಲ್ಲ.

ಅದೇ ಟೋರ್ವಾಲ್ಡ್ಸ್ ಮುಂದೆ ತಾವೇ ಒರಟು ಪತ್ರಗಳಿಗೆ ಹೆಸರಾದರು. 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದರು. ಲಿನಕ್ಸ್ ಬಳಗ ಹೊಸ ನಡವಳಿಕೆ ಸಂಹಿತೆಯನ್ನು ಅಳವಡಿಸಿಕೊಂಡದ್ದೂ ಆಗಲೇ.

ಇದೆಲ್ಲ ದೂರದ ಕಥೆ ಎನ್ನುವಂತಿಲ್ಲ. ನನ್ನ ತಂಗಿಯ ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ಇಂಥದ್ದೇ ಒಂದು ಸಣ್ಣ ಸಾಫ್ಟ್‌ವೇರ್‌ಗೆ ತಿದ್ದುಪಡಿ ಬರೆದು ಕಳಿಸಿದ್ದ. 'ಇದು ಕಸ. ಮೊದಲು ಕಲಿತು ಬಾ' ಎಂದು ಒಂದೇ ಸಾಲಿನ ಉತ್ತರ ಬಂತು. ಹುಡುಗ ಎರಡು ವಾರ ಕಂಪ್ಯೂಟರ್ ಮುಟ್ಟಲಿಲ್ಲ. 'ಅಣ್ಣಾ, ದುಡ್ಡೂ ಕೊಡೋದಿಲ್ಲ, ಮೇಲೆ ಬೈಸಿಕೊಳ್ಳೋದು ಬೇರೆ. ಈ ಕರ್ಮ ಯಾಕೆ?' ಎಂದಳು ತಂಗಿ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಅದೇ ಬಳಗದ ಮತ್ತೊಬ್ಬರಿಂದ. 'ಯೋಚನೆ ಚೆನ್ನಾಗಿದೆ. ಆದರೆ ತೆರೆದ ಫೈಲನ್ನು ಮುಚ್ಚುವುದು ಮರೆತಿದ್ದೀರಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಸೇರಿಸಿದ್ದೀರಿ, ಬೇರೆ ಬೇರೆಯಾಗಿ ಕಳಿಸಿ' ಎಂದು ಬರೆದಿದ್ದರು. ಹುಡುಗ ಅಂದೇ ರಾತ್ರಿ ಕೂತು ತಿದ್ದಿದ. ಗಮನಿಸಿ, ಎರಡನೆಯವರು ತಪ್ಪನ್ನು ಮುಚ್ಚಿಡಲಿಲ್ಲ. ಮೊದಲನೆಯವರು ಹೇಳದೇ ಬಿಟ್ಟ ತಪ್ಪನ್ನು ಇವರು ಹೇಳಿದರು, ಅಷ್ಟೆ.

ಕಚೇರಿಯಲ್ಲಿ ಬೈಗುಳ ತಿಂದವನು ತಿಂಗಳ ಸಂಬಳಕ್ಕಾದರೂ ಮರುದಿನ ಬರುತ್ತಾನೆ. ಸ್ವಯಂಸೇವಕನಿಗೆ ಆ ಕಟ್ಟುಪಾಡಿಲ್ಲ. ಅವನು ಸುಮ್ಮನೆ ಹೊರಟುಹೋಗುತ್ತಾನೆ. ಹೋದದ್ದೂ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಬರೆದವನ ಬಗ್ಗೆಯಲ್ಲ, ಬರಹದ ಬಗ್ಗೆ ಮಾತಾಡಿ. ತಪ್ಪು ಯಾವ ಸಾಲಿನಲ್ಲಿದೆ, ಏಕೆ ತಪ್ಪು, ಹೇಗೆ ಸರಿಪಡಿಸಬಹುದು, ಮೂರನ್ನೂ ಹೇಳಿ. ಅವರ ಪತ್ರದ ಬೇಕಾದ ಸಾಲನ್ನಷ್ಟೇ ಉಳಿಸಿಕೊಂಡು ಅದರ ಕೆಳಗೆ ಉತ್ತರ ಬರೆಯಿರಿ. 1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಇಂಟರ್ನೆಟ್ ಶಿಷ್ಟಾಚಾರದ ಸೂಚನೆಗಳಲ್ಲಿ, ಸಿಟ್ಟಿನ ಉತ್ತರವನ್ನು ಒಂದು ರಾತ್ರಿ ತಡೆದು ಕಳಿಸಿ ಎಂಬ ಮಾತಿದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆದರೆ ಕಿರುಚಿದಂತೆ ಎಂಬ ಎಚ್ಚರಿಕೆಯೂ ಇದೆ.

ಟೀಕೆ ಪಡೆಯುವವರಿಗೂ ಒಂದು ಮಾತು. ಮೊದಲು ಓದಿದಾಗ ಕೋಪ ಬರುವುದು ಸಹಜ. ಎರಡನೆಯ ಸಲ ಓದುವಾಗ ಧಾಟಿಯನ್ನು ಬದಿಗಿಟ್ಟು ವಿಷಯವೇನಾದರೂ ಇದೆಯೇ ಎಂದು ಹುಡುಕಿ. ಇದ್ದರೆ ಸ್ವೀಕರಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

ತಂದೆತಾಯಂದಿರೇ, ಮಕ್ಕಳ ಉತ್ತರಪತ್ರಿಕೆ ಮನೆಗೆ ಬಂದಾಗ ನಾವು ಏನು ಹೇಳುತ್ತೇವೆ? 'ಇಷ್ಟೇನಾ ಮಾರ್ಕ್ಸ್?' ಎನ್ನುತ್ತೇವೆಯೋ, 'ಬಾ, ಈ ಲೆಕ್ಕ ಎಲ್ಲಿ ತಪ್ಪಿತು ನೋಡೋಣ' ಎನ್ನುತ್ತೇವೆಯೋ? ನಾಳೆ ನಮ್ಮ ಮಕ್ಕಳು ಬೇರೆಯವರ ಕೆಲಸ ತಿದ್ದಲು ಕೂತಾಗ, ಮನೆಯಲ್ಲಿ ಕೇಳಿದ ಮಾತನ್ನೇ ಬರೆಯುತ್ತಾರೆ.