ಒಂದು ಆಂಪ್ಲಿಫೈಯರ್, ಎರಡು ವೂಫರ್

ಆಗುಂಬೆ ರಸ್ತೆಯ ನಮ್ಮ ಮೇಗರವಳ್ಳಿಯಲ್ಲಿ ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅದಕ್ಕೇ ಏನೋ, ನಮ್ಮ ಹುಡುಗರಿಗೆ ಹಾಡು ಜೋರಾಗಿದ್ದರೇ ಸಮಾಧಾನ. ನನ್ನ ಮಗನೂ ಹಾಗೆಯೇ. ಕೊಳೆರೋಗಕ್ಕೆ ಸಿಕ್ಕದೆ ಉಳಿದ ಅಡಿಕೆ ಮಾರಿದ ದುಡ್ಡಿನಲ್ಲಿ ಕಾರಿಗೆ ಆಂಪ್ಲಿಫೈಯರ್ ಮತ್ತು ಒಂದು ಸಬ್ ವೂಫರ್ ಹಾಕಿಸಿದ. ಮೊನ್ನೆ ಸ್ನೇಹಿತನೊಬ್ಬ ಅಂಥದೇ ಇನ್ನೊಂದು ವೂಫರ್ ಕೊಟ್ಟ.

"ಎರಡು ಹಾಕಿದ್ರೆ ಸದ್ದೂ ಎರಡರಷ್ಟು" ಎಂದು ಅವನ ಲೆಕ್ಕ.

ಹತ್ತನೇ ತರಗತಿಯ ಮೊಮ್ಮಗಳು ಆಂಪ್ಲಿಫೈಯರಿನ ಮೇಲೆ ಬರೆದದ್ದನ್ನು ಓದಿದಳು. "ಅಪ್ಪ, ತಡಿ. ಇದಕ್ಕೆ 4 ಓಮ್‌ಗಿಂತ ಕಡಿಮೆ ಜೋಡಿಸಬಾರದಂತೆ."

"ಓಮ್ ಅಂದ್ರೆ ಎಂತ ಮಾರಾಯ್ತಿ?" ಎಂದೆ ನಾನು.

"ಕರೆಂಟು ಹರಿಯೋದಕ್ಕೆ ಇರೋ ತಡೆಯ ಅಳತೆ, ಅಜ್ಜಯ್ಯ. ನಮ್ಮ ಪುಸ್ತಕದಲ್ಲಿ ರೋಧ ಅಂತಾರೆ. 1827ರಲ್ಲಿ ಇದರ ನಿಯಮ ಪ್ರಕಟಿಸಿದ ಜರ್ಮನಿಯ ಮೇಷ್ಟ್ರು ಜಾರ್ಜ್ ಸೈಮನ್ ಓಮ್ ಅವರ ಹೆಸರೇ ಅದು."

ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಶುರುವಾಯಿತು. ಒಂದೊಂದು ವೂಫರ್ 4 ಓಮ್. ಎರಡನ್ನೂ ಅಕ್ಕಪಕ್ಕ, ಅಂದರೆ ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 2 ಓಮ್. ನನಗೆ ತೋಟದ ನೀರು ನೆನಪಾಯಿತು. ಟ್ಯಾಂಕಿಗೆ ಎರಡು ಪೈಪು ಹಾಕಿದರೆ ನೀರಿಗೆ ಎರಡು ದಾರಿ. ಟ್ಯಾಂಕು ಬೇಗ ಬರಿದು. ಹಾಗೆಯೇ ಇಲ್ಲಿ ಆಂಪ್ಲಿಫೈಯರ್ ಎರಡರಷ್ಟು ಕರೆಂಟು ಕೊಡಬೇಕಾಗುತ್ತದೆ. ಆ ಶಕ್ತಿ ಇಲ್ಲದ್ದು ಕಾದು ತಾನಾಗಿ ನಿಲ್ಲಬಹುದು, ಇಲ್ಲವೇ ಸುಟ್ಟೇ ಹೋಗಬಹುದು. ಅಡಿಕೆಯ ದುಡ್ಡು ಹೊಗೆಯಾದಂತೆ!

ಒಂದರ ಹಿಂದೆ ಒಂದು, ಅಂದರೆ ಸರಣಿಯಲ್ಲಿ ಜೋಡಿಸಿದರೆ 8 ಓಮ್. ಪೈಪಿನ ತುದಿಗೆ ಇನ್ನೊಂದು ಪೈಪು ಸೇರಿಸಿದ ಹಾಗೆ, ಹರಿವು ಸಣ್ಣದಾಗುತ್ತದೆ. ಆಂಪ್ಲಿಫೈಯರಿಗೆ ಸುಖ. ಆದರೆ ಅದು ಕೊಡುವ ಶಕ್ತಿ ಸುಮಾರು ಅರ್ಧ, ಅದರಲ್ಲೂ ಎರಡು ಪಾಲು. ಎರಡೂ ಒಟ್ಟಿಗೆ ಹಾಡಿದರೂ ಸದ್ದು ಹೆಚ್ಚುಕಡಿಮೆ ಮೊದಲಿನಷ್ಟೇ.

ಮಗನ ಮುಖ ಸಣ್ಣದಾಯಿತು.

"ನಾಲ್ಕು ವೂಫರ್ ಇದ್ರೆ ದಾರಿ ಇದೆ ಅಪ್ಪ. ಎರಡೆರಡನ್ನ ಸರಣಿಯಲ್ಲಿ ಸೇರಿಸಿ, ಆ ಎರಡು ಜೋಡಿನ ಸಮಾಂತರ ಮಾಡಿದ್ರೆ ಮತ್ತೆ 4 ಓಮ್ ಬರುತ್ತೆ. ಆಂಪ್ಲಿಫೈಯರಿಗೆ ಭಾರ ಇಲ್ಲ, ಸದ್ದೂ ಜಾಸ್ತಿ."

"ಆಮೇಲೆ ಅಡಿಕೆ ಮೂಟೆ ಎಲ್ಲಿಡೋದು, ನಿನ್ನ ತಲೆ ಮೇಲಾ?" ಎಂದು ಒಳಗಿಂದ ಅವಳಜ್ಜಿಯ ಪ್ರಶ್ನೆ.

ಸರಣಿಯೇ ಸರಿ ಎಂದಾಯಿತು. ಮೊದಲು ಕಾರಿನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಚಿಕ್ಕ ಮೊಮ್ಮಗನಿಗೂ ಒಂದು ಕೆಲಸ ಸಿಕ್ಕಿತು. ಟಾರ್ಚಿನ 1.5 ವೋಲ್ಟ್ ಸೆಲ್ಲಿನ ಎರಡು ತುದಿಯ ತಂತಿಗಳನ್ನು ವೂಫರಿಗೆ ಕ್ಷಣಮಾತ್ರ ಮುಟ್ಟಿಸುವುದು. ಪ್ಲಸ್ಸಿಗೆ ಪ್ಲಸ್ ಮುಟ್ಟಿದರೆ ವೂಫರಿನ ಕಾಗದದ ಬಟ್ಟಲು ಮುಂದೆ ಜಿಗಿಯುತ್ತದೆ. ಒಂದು ಮುಂದೆ, ಇನ್ನೊಂದು ಹಿಂದೆ ಹೋಗುವಂತೆ ತಂತಿ ಅದಲುಬದಲಾದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ದಪ್ಪ ಸ್ವರವೆಲ್ಲ ಅಲ್ಲೇ ಸಾಯುತ್ತದೆ. ಹುಡುಗ ಬಟ್ಟಲು ಜಿಗಿದಾಗಲೆಲ್ಲ ತಾನೂ ಜಿಗಿದ.

ಸಂಜೆ ಯಕ್ಷಗಾನದ ಪದ ಹಾಕಿದೆವು. ಮದ್ದಳೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು.

"ಇಷ್ಟೇನಾ?" ಎಂದ ಮಗ.

"ಅಷ್ಟು ಸಾಕು ಮಾರಾಯ, ಪಕ್ಕದ ಮನೆ ಬಾಣಂತಿಗೆ ನಿದ್ದೆ ಬೇಡವಾ?" ಎಂದಳು ಅವನಮ್ಮ.

ಅರ್ಧ ಗಂಟೆ ಕಳೆದ ಮೇಲೆ ಆಂಪ್ಲಿಫೈಯರ್ ಮೇಲೆ ಕೈಯಿಟ್ಟು ನೋಡಿದೆ. ಬರೀ ಉಗುರುಬೆಚ್ಚಗಿತ್ತು.