ಹಲಸಿನ ಹಲಗೆಯ ಬೆನ್ನು ಹತ್ತಿ

ಉಂಬ್ಳೆಬೈಲು ದಾಟಿದ ಮೇಲೆ ಬಸ್ಸು ಕಾಡಿನೊಳಗೆ ನುಗ್ಗುತ್ತದೆ. ನಾನು ಕಿಟಕಿಗೆ ಅಂಟಿಕೊಂಡು ಕೂತಿದ್ದೇನೆ. ನಮ್ಮ ಗದಗಿನ ಕಡೆ ಮುಂದಿನ ಊರಿನ ಗುಡಿ, ನೀರಿನ ಟಾಕಿ, ಗಾಳಿಯಂತ್ರಗಳೆಲ್ಲ ಊರು ಬರುವುದಕ್ಕೆ ಎಷ್ಟೋ ಮೊದಲೇ ಕಾಣಿಸಿಕೊಳ್ಳುತ್ತವೆ. ಇಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ. ಡ್ರೈವರ್‌ಗೆ ಮಾತ್ರ ರಸ್ತೆ ಬಾಯಿಪಾಠ. ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಎಲೆಯಡಿಕೆಯ ಸಂಚಿ ತಡಕುತ್ತಿದ್ದಾರೆ. ಜನವರಿಯ ಬೆಳಿಗ್ಗೆ, ಹತ್ತು ಗಂಟೆಯಾದರೂ ಎಲೆಗಳಿಂದ ಮಂಜಿನ ನೀರು ತೊಟ್ಟಿಕ್ಕುತ್ತಿದೆ.

ಹೊರಟಿದ್ದು ಕಾಡು ನೋಡುವುದಕ್ಕಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೊತೆಗೆ ಓದಿದ ಗೆಳೆಯನೊಬ್ಬ ಕೊಪ್ಪದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದಾನೆ. “ಮಗಳು ಮನೇಲೇ ಎಲೆಕ್ಟ್ರಿಕ್ ಗಿಟಾರ್ ಮಾಡ್ತೀನಿ ಅಂತ ಕೂತಿದಾಳೆ ಮಾರಾಯ, ಬಂದು ನೋಡು” ಎಂದು ಫೋನ್ ಮಾಡಿದ್ದ. ಮೀರಜಿನಲ್ಲಿ ಒಣ ಕುಂಬಳ ಕೊರೆದು ತಂಬೂರಿ ಮಾಡುವುದನ್ನು ಕಂಡವನು ನಾನು. ವೀರೇಶ್ವರ ಪುಣ್ಯಾಶ್ರಮದ ಊರಿನವನಿಗೆ ವಾದ್ಯವೆಂದರೆ ಅಷ್ಟಿಷ್ಟು ಗೊತ್ತು ಎಂಬ ಜಂಬವೂ ಇತ್ತು. ಆದರೆ ಕರೆಂಟಿನ ವಾದ್ಯವನ್ನು ಅಡಿಕೆ ಅಂಗಳದಲ್ಲಿ ಮಾಡುವುದೆಂದರೆ?

ನರಸಿಂಹರಾಜಪುರದಲ್ಲಿ ಇಳಿದಾಗ ಅಪ್ಪ ಮಗಳು ಜೀಪಿನೊಂದಿಗೆ ಕಾಯುತ್ತಿದ್ದರು. ಜೀಪಿನ ಹಿಂಬದಿಯಲ್ಲಿ ಗೋಣಿಚೀಲ ಸುತ್ತಿದ ದಪ್ಪ ಹಲಗೆ. ಈ ಊರಿನ ಹಳೆಯ ಹೆಸರು ಎಡೆಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಆಮೇಲೆ ಬಂತು, ಜನರ ಬಾಯಲ್ಲಿ ಅದು ಎನ್.ಆರ್. ಪುರವಾಗಿ ಸವೆಯಿತು. ಒಂದು ಕಾಲಕ್ಕೆ ತರೀಕೆರೆಯಿಂದ ಇಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬರುತ್ತಿತ್ತಂತೆ. ಎರಡಡಿ! ನಮ್ಮ ಹುಬ್ಬಳ್ಳಿ ಜಂಕ್ಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮು ಕಂಡವನಿಗೆ ಅದು ಮಕ್ಕಳಾಟ. ಊರಂಚಿಗೆ ಬಂದರೆ ಭದ್ರಾ ಹಿನ್ನೀರು. ಲಕ್ಕವಳ್ಳಿಯ ಅಣೆಕಟ್ಟು ಹಿಡಿದು ನಿಲ್ಲಿಸಿದ ನೀರು ಗುಡ್ಡಗಳ ಸಂದಿಗೆಲ್ಲ ಕೈ ಚಾಚಿದೆ. ಬಯಲುಸೀಮೆಯವನಿಗೆ ಇಷ್ಟು ನೀರು ನೋಡಿದರೆ ಮೊದಲು ಸಂತೋಷ, ಆಮೇಲೆ ಹೊಟ್ಟೆಕಿಚ್ಚು.

ಗೆಳೆಯನ ಮಗಳು, ಮನೆಯಲ್ಲಿ ಎಲ್ಲರಿಗೂ ಪುಟ್ಟಿ, ಎಲೆಕ್ಟ್ರಿಕ್ ಗಿಟಾರನ್ನು ಮೊದಲು ಮುಟ್ಟಿದ್ದು ಇದೇ ಊರಿನಲ್ಲಿ. ಕೇರಳದಿಂದ ಬಂದು ನೆಲೆಸಿ ರಬ್ಬರ್ ಬೆಳೆದ ಕುಟುಂಬಗಳು ಈ ತಾಲ್ಲೂಕಿನಲ್ಲಿ ಬಹಳ. ಅಂಥ ಮನೆಯ ಸಹಪಾಠಿಯೊಬ್ಬಳ ಜೊತೆ ಕ್ರಿಸ್‌ಮಸ್ ಹಾಡಿನ ತಾಲೀಮು ನೋಡಲು ಚರ್ಚಿಗೆ ಹೋದವಳು ಮನೆಗೆ ಬಂದು ಅಟ್ಟ ಹತ್ತಿದಳಂತೆ, ಮರ ಹುಡುಕುವುದಕ್ಕೆ.

ಸಾಮಿಲ್ಲಿನಲ್ಲಿ ಗೋಣಿ ಬಿಚ್ಚಿದಾಗ ಕಂಡದ್ದು ಹೊಗೆಯಲ್ಲಿ ಕಪ್ಪಾದ, ಯಾವುದಕ್ಕೂ ಬಾರದೆಂಬಂತಿದ್ದ ಹಲಗೆ. ಹಿಂದೊಂದು ಮಳೆಗಾಲದ ಗಾಳಿಗೆ ಉರುಳಿದ ಹಲಸಿನ ಮರ. ಅದನ್ನು ಸೀಳಿಸಿ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದರು. ಯಂತ್ರ ಮೇಲಿನ ಪದರ ಕೆತ್ತಿದ್ದೇ ತಡ, ಒಳಗಿನಿಂದ ಹಳದಿ ಎದ್ದು ಬಂತು. ನೆಲಕ್ಕೆ ಬಿದ್ದ ಹುಡಿ ಥೇಟ್ ಅರಿಶಿನ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಹಲಸಿನ ಚಕ್ಕೆಯಿಂದ ಎಂದು ಓದಿದ್ದೆ. ನನ್ನ ಬಿಳಿ ಅಂಗಿಯ ತೋಳಿಗೆ ಅದರ ಪುರಾವೆ ಸಿಕ್ಕಿತು. ಒಂದೂಮುಕ್ಕಾಲು ಇಂಚು ದಪ್ಪಕ್ಕೆ ಇಳಿಸಬೇಕೆಂದಾಗ ಮಿಲ್ಲಿನವರು ಕೇಳಿದರು: “ಈಳಿಗೆ ಮಣೆಗಾ? ಇಷ್ಟು ದಪ್ಪ ಯಾಕೆ ಮಾರಾಯ್ರೆ?” ಪುಟ್ಟಿ ವಿವರಿಸಲು ಹೋಗಲಿಲ್ಲ. “ಹೂಂ, ಮಣೆಗೇ” ಅಂದಳು.

ಕೊಪ್ಪದ ದಾರಿಯುದ್ದಕ್ಕೂ ಅವಳದೇ ಪಾಠ. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಬೇಕಿಲ್ಲ, ಗಟ್ಟಿ ಹಲಗೆ ಸಾಕು. ಅಮೆರಿಕದ ಕಾರ್ಖಾನೆಗಳು ಆಲ್ಡರ್, ಆ್ಯಶ್, ಮಹಾಗನಿ ಬಳಸಿದವು, ಅವರ ಹಿತ್ತಿಲಲ್ಲಿ ಅಥವಾ ಬಂದರಿನಲ್ಲಿ ಸಿಕ್ಕಿದ್ದು ಅದು. ನಮ್ಮ ಹಿತ್ತಿಲಲ್ಲಿ ಸಿಕ್ಕಿದ್ದು ಹಲಸು. ಸರಸ್ವತಿ ವೀಣೆಯ ಕೊಡವೂ ಹಲಸಿನದೇ ಎಂದ ಮೇಲೆ ನನ್ನ ತಕರಾರು ಮುಗಿಯಿತು. ಇಂಗ್ಲೆಂಡಿನಲ್ಲಿ ಬ್ರಯಾನ್ ಮೇ ಎಂಬ ಹುಡುಗ 1963ರಲ್ಲಿ ಅಪ್ಪನ ಜೊತೆ ಕೂತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಗಿಟಾರಿನ ಕತ್ತು ಕಡೆದನಂತೆ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿದ, ಮೋಟಾರ್‌ಸೈಕಲ್ಲಿನ ಸ್ಪ್ರಿಂಗು ಹಾಕಿದ, ಅಮ್ಮನ ಗುಂಡಿ ಡಬ್ಬಿಯಿಂದ ಮುತ್ತಿನ ಚಿಪ್ಪಿನ ಗುಂಡಿ ಕದ್ದು ಚುಕ್ಕಿ ಕೂರಿಸಿದ. ಮುಂದೆ ಕ್ವೀನ್ ತಂಡದಲ್ಲಿ ಲೋಕವೆಲ್ಲ ಕೇಳಿದ್ದು ಅದೇ ವಾದ್ಯ. “ನಮ್ಮ ಅಟ್ಟದ ಮರಕ್ಕೆ ಹೊಗೆ ಕುಡಿಸಿದ್ದೇವೆ ಅಂಕಲ್, ಹುಳು ಹತ್ತಿರ ಬರಲ್ಲ” ಎಂದಳು, ಬ್ರಯಾನ್ ಮೇಗಿಂತ ಒಂದು ಹೆಜ್ಜೆ ಮುಂದಿರುವವಳ ಹಾಗೆ.

ಕೊಪ್ಪದ ಪೇಟೆಯಲ್ಲಿ ಜೀಪು ನಿಂತದ್ದು ಜೆರಾಕ್ಸ್ ಅಂಗಡಿಯ ಮುಂದೆ. ಗಿಟಾರಿನ ಪೂರ್ತಿ ಅಳತೆಯ ನಕ್ಷೆಯನ್ನು ತುಂಡು ತುಂಡು ಹಾಳೆಗಳಲ್ಲಿ ಮುದ್ರಿಸಿ ಅಂಟಿಸಬೇಕು. ಯಂತ್ರ ತನ್ನ ಒಳ್ಳೆಯತನದಿಂದ ನಕ್ಷೆಯನ್ನು ಹಾಳೆಗೆ ಹೊಂದುವಂತೆ ನೂರಕ್ಕೆ ಮೂರರಷ್ಟು ಕುಗ್ಗಿಸಿಬಿಟ್ಟಿತ್ತು. ತಂತಿಯ ಉದ್ದ 25.5 ಇಂಚು ಇರಬೇಕು. ಅಷ್ಟು ಕುಗ್ಗಿದರೆ ತಂತಿ ಕೂರುವ ಬ್ರಿಡ್ಜು ಮುಕ್ಕಾಲು ಇಂಚು ಜಾರಿ, ಹುಟ್ಟಿದ ದಿನದಿಂದಲೇ ಅಪಶ್ರುತಿ. ಪುಟ್ಟಿ ಸ್ಕೇಲು ಇಟ್ಟು ಅಳೆದು, ಇಡೀ ಕಟ್ಟು ವಾಪಸು ಕೊಟ್ಟು, ಮತ್ತೆ ತೆಗೆಸಿದಳು. ಹಿಂದೆ ಸಾಲಿನಲ್ಲಿ ಪಹಣಿ ಹಿಡಿದು ನಿಂತವರ ಮುಖ ನೋಡುವಂತಿತ್ತು.

ಮನೆಯ ಅಂಗಳದ ತುಂಬ ಅಡಿಕೆ. ಹಂಡೆಯಲ್ಲಿ ಬೇಯುವ ಅಡಿಕೆಯ ಘಮ. ನಮ್ಮ ಕಡೆ ಇದೇ ದಿನಗಳಲ್ಲಿ ಅಂಗಳ ಕೆಂಪಾಗುವುದು ಬ್ಯಾಡಗಿ ಮೆಣಸಿನಕಾಯಿಯಿಂದ; ಬಣ್ಣ ಅದೇ, ಸೀನು ಮಾತ್ರ ಇಲ್ಲ. ಊಟಕ್ಕೆ ಅನ್ನ, ತಂಬುಳಿ, ಅಪ್ಪೆಮಿಡಿ, ಜೊತೆಗೆ ಹಲಸಿನ ಹಪ್ಪಳ. ಹಣ್ಣು ತಿಂದು, ಬೀಜ ಸುಟ್ಟು, ಹಪ್ಪಳ ಕರಿದು, ಬಾಗಿಲು ಮಾಡಿ, ಮಿಕ್ಕ ಮರಕ್ಕೆ ತಂತಿ ಕಟ್ಟುವುದು ಎಂದರೆ ಇವರು ಒಂದು ಮರವನ್ನೂ ಸುಮ್ಮನೆ ಬಿಡುವವರಲ್ಲ.

ಮಧ್ಯಾಹ್ನ ಆಚಾರ್ರು ಬಂದರು. ಈ ಮನೆಯ ಬಾಗಿಲು, ಮುಚ್ಚಿಗೆ ಎಲ್ಲ ಅವರ ತಂದೆಯ ಕೈಕೆಲಸ. ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳಿದರು. “ಹೊಟ್ಟೆ ಇಲ್ದೆ ಇದು ನುಡಿಯೋದು ಹ್ಯಾಗೆ ಪುಟ್ಟಿ?” ಅವಳು ಪಿಕಪ್ ತೆಗೆದು ತೋರಿಸಿದಳು: ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಸುಮಾರು ಎಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಆಚಾರ್ರು ತಲೆಯಾಡಿಸಿದರು. ಹಲಗೆಗೆ ಕತ್ತನ್ನು ನಾಲ್ಕು ಸ್ಕ್ರೂನಿಂದ ಬಿಗಿಯುವ ಸರಳ ಗಿಟಾರನ್ನು 1950ರ ಸುಮಾರಿಗೆ ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು, ಅವನಿಗೆ ಗಿಟಾರ್ ನುಡಿಸಲು ಬರುತ್ತಲೇ ಇರಲಿಲ್ಲ ಎಂದು ಕೇಳಿದ ಮೇಲಂತೂ ಅವರಿಗೆ ಈ ಕೆಲಸದ ಮೇಲೆ ಪೂರ್ತಿ ಪ್ರೀತಿ ಬಂತು. “ಹಂಗಾದ್ರೆ ನಮ್ಮ ಥರದೋರೇ ಬಿಡಿ.”

ಮೊದಲ ಕೆಲಸ ಹಲಗೆಯನ್ನು ಎರಡು ತುಂಡು ಮಾಡಿ ಜೋಡಿಸುವುದು. ಅಂಚುಗಳನ್ನು ಕೀಸುಳಿಯಿಂದ ಎಷ್ಟು ನಯ ಮಾಡಿದರೆಂದರೆ, ಒಂದರ ಮೇಲೊಂದು ನಿಲ್ಲಿಸಿ ಹಿಂದೆ ಟಾರ್ಚ್ ಹಿಡಿದರೂ ಬೆಳಕು ತೂರಲಿಲ್ಲ. ಬಿಗಿಯಲು ಕ್ಲಾಂಪು ಸಾಲದೆ ಸೈಕಲ್ ಟ್ಯೂಬು ಸೀಳಿ ಎಳೆದು ಸುತ್ತಿದರು. ಅಂಟು ಒಣಗುವ ತನಕ ಮಾಡಲು ಬೇರೆ ಕೆಲಸವಿಲ್ಲ, ಹಾಗಾಗಿ ಮರುದಿನ ಶೃಂಗೇರಿ.

ಕುವೆಂಪು 1904ರಲ್ಲಿ ಹುಟ್ಟಿದ ಹಿರೇಕೊಡಿಗೆ ಇದೇ ಕೊಪ್ಪ ತಾಲ್ಲೂಕಿನದು ಎಂದು ಗೆಳೆಯ ಜೀಪು ಓಡಿಸುತ್ತಲೇ ನೆನಪಿಸಿದ. ಹರಿಹರಪುರದಲ್ಲಿ ತುಂಗೆ ಸಿಕ್ಕಳು. ಶೃಂಗೇರಿಯ ಸೋಪಾನದಲ್ಲಿ ಕೂತರೆ ನೀರಿನಲ್ಲಿ ತೊಡೆಗಾತ್ರದ ಮೀನುಗಳು ನಿರ್ಭಯವಾಗಿ ತಿರುಗುತ್ತವೆ. ವಿದ್ಯಾಶಂಕರ ದೇವಾಲಯದ ಮುಂದೆ ನನಗೆ ಕಾಲು ಕಿತ್ತಿಡಲು ಆಗಲಿಲ್ಲ. ನಮ್ಮ ಗದಗಿನ ತ್ರಿಕೂಟೇಶ್ವರದ ಸರಸ್ವತಿ ಗುಡಿಯಲ್ಲಿ ಚರಕಿಗೆ ಹಾಕಿ ಕಡೆದ ಚಾಲುಕ್ಯರ ಕಂಬಗಳಿವೆ. ಅವನ್ನು ಮೀರಿಸುವುದು ಯಾವುದೂ ಇಲ್ಲ ಎಂಬುದು ನನ್ನ ಹಟ. ಇಲ್ಲಿಯದು ಬೇರೆಯೇ ಪಂಥ. ಹದಿನಾಲ್ಕನೆಯ ಶತಮಾನದ ಈ ಗುಡಿಯ ಎರಡೂ ತುದಿ ದುಂಡಗೆ ಬಾಗಿವೆ, ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಳಿ ತೂಗುತ್ತದೆ, ಕಂಬದ ಯಾಳಿಗಳ ಬಾಯಲ್ಲಿ ಉರುಳಾಡುವ ಕಲ್ಲಿನ ಗುಂಡು. ಒಳಗೆ ರಾಶಿಗೊಂದರಂತೆ ಹನ್ನೆರಡು ಕಂಬ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುತ್ತದೆ ಎನ್ನುತ್ತಾರೆ. “ಗಿಟಾರಲ್ಲೂ ಹನ್ನೆರಡು ಮನೆಗೆ ಒಂದು ಸುತ್ತು” ಎಂದಳು ಪುಟ್ಟಿ. ಈ ವಯಸ್ಸಿನವರಿಗೆ ಎಲ್ಲವೂ ಹೊಂದಿಕೊಳ್ಳುತ್ತದೆ.

ಶಾರದಾಂಬೆಯ ಕೈಯಲ್ಲಿ ವೀಣೆ ಹುಡುಕಿದೆ, ಇರಲಿಲ್ಲ. ಜಪಮಾಲೆ, ಪುಸ್ತಕ, ಅಮೃತ ಕಲಶ, ಚಿನ್ಮುದ್ರೆ. ನವರಾತ್ರಿಯ ಅಲಂಕಾರಗಳಲ್ಲಿ ಒಂದು ದಿನ ಮಾತ್ರ ವೀಣಾಶಾರದೆಯಂತೆ. ಮೊದಲಿದ್ದದ್ದು ಶ್ರೀಗಂಧದ ಮೂರ್ತಿ, ಆಮೇಲೆ ಬಂದದ್ದು ಚಿನ್ನದ್ದು ಎಂಬ ಕಥೆ ಕೇಳಿ ಆಚಾರ್ರ ನೆನಪಾಯಿತು; ಅವರಾದರೆ ಮರವೇ ಇರಲಿ ಎನ್ನುತ್ತಿದ್ದರೇನೋ. ಹೊಳೆಯ ದಡದ ಕಪ್ಪೆ ಶಂಕರದಲ್ಲಿ ಪುಟ್ಟಿ ಬಹಳ ಹೊತ್ತು ನಿಂತಳು. ಬಿಸಿಲಲ್ಲಿ ಬಸವಳಿದ ಕಪ್ಪೆಗೆ ಹೆಡೆಯೆತ್ತಿ ನೆರಳು ಕೊಟ್ಟ ಹಾವು. ಅದರ ಚಿತ್ರ ಬರೆದುಕೊಂಡು ಗಿಟಾರಿನ ಬೆನ್ನಿಗೆ ಕೆತ್ತಿಸುವ ತೀರ್ಮಾನ ಅಲ್ಲೇ ಆಯಿತು.

ಮನೆಗೆ ಬಂದಾಗ ಗಿಟಾರಿನ ಕತ್ತು ಬಂದಿದೆ ಎಂಬ ಸುದ್ದಿ. ಕೊರಿಯರ್ ಹುಡುಗ ಮನೆಯವರೆಗೆ ಬರುವುದಿಲ್ಲ, ಪೊಟ್ಟಣ ರಸ್ತೆ ಬದಿಯ ಕಿರಾಣಿ ಅಂಗಡಿಯಲ್ಲಿ ಉಪ್ಪಿನ ಮೂಟೆಯ ಮೇಲೆ ಕೂತಿತ್ತು. ಬಿಚ್ಚಿದರೆ ಮೇಪಲ್ ಮರದ ಕತ್ತು, ಮೇಲೆ ಕಪ್ಪು ನೇರಳೆ ಬಣ್ಣದ ಪಟ್ಟಿ. ಆಚಾರ್ರು ಮೂಗಿನ ಹತ್ತಿರ ಹಿಡಿದರು. “ಇದು ಬೀಟೆ.” ಹೌದು, ಪೊಟ್ಟಣದ ಮೇಲೆ ಇಂಡಿಯನ್ ರೋಸ್‌ವುಡ್ ಎಂದೇ ಇತ್ತು. ಲೋಕದ ಲಕ್ಷಾಂತರ ಗಿಟಾರುಗಳಲ್ಲಿ ಬೆರಳಾಡುವುದು ಪಶ್ಚಿಮ ಘಟ್ಟದ ಈ ಮರದ ಮೇಲೆ. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಗೆ ಸೇರಿ ಗಿಟಾರ್ ಕಂಪನಿಗಳು ಕಂಗಾಲಾದವು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಗೆಳೆಯನ ತೋಟದ ಅಂಚಿನಲ್ಲೇ ಬೀಟೆ ನಿಂತಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಕಡಿಯುವ ಮನಸ್ಸೂ ಅವನಿಗಿಲ್ಲ. ತನ್ನ ಮನೆಯ ಮರ ಯಾವುದೋ ಕಾರ್ಖಾನೆ ಸುತ್ತಿ ಪೊಟ್ಟಣದಲ್ಲಿ ವಾಪಸು ಬಂತಲ್ಲ ಎಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಕತ್ತು ಕೂರುವ ಗುಂಡಿಯೇ ನಿಜವಾದ ಪರೀಕ್ಷೆ. 56 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ಆಳ. ಸಡಿಲವಾದರೆ ನಾದ ಸಾಯುತ್ತದೆ. ರೌಟರ್ ಯಂತ್ರ ಶುರುಮಾಡಿದ್ದೇ ವೋಲ್ಟೇಜು ಇಳಿಯಿತು, ಸ್ವಲ್ಪ ಹೊತ್ತಿಗೆ ಕರೆಂಟೇ ಹೋಯಿತು. ಯಾವಾಗ ಬರುತ್ತದೆ ಎಂದೆ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಆಚಾರ್ರು ಮಾತಿಲ್ಲದೆ ಉಳಿ, ಕೊಡತಿ ತೆಗೆದರು. ಸಂಜೆಯ ಹೊತ್ತಿಗೆ ಕತ್ತನ್ನು ಗುಂಡಿಗೆ ಒತ್ತಿ, ಒಂದೂ ಸ್ಕ್ರೂ ಇಲ್ಲದೆ, ಕತ್ತು ಹಿಡಿದೇ ಇಡೀ ಗಿಟಾರನ್ನು ಮೇಲಕ್ಕೆತ್ತಿ ತೋರಿಸಿದರು. ನಾನು ಚಪ್ಪಾಳೆ ತಟ್ಟಿದೆ. ಉಳಿದವರು ಸುಮ್ಮನಿದ್ದರು, ಅವರಿಗೆ ಇದು ಬಾಗಿಲ ಚೌಕಟ್ಟಿನ ಲೆಕ್ಕ.

ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುವ ಕೂಟ. ಒಂದು ಸಾಲಿನಲ್ಲಿ ಮೆಟ್ಟುಗತ್ತಿಗಳ ಟಕಟಕ, ಪಕ್ಕದಲ್ಲಿ ನಮ್ಮ ಮರಳುಕಾಗದದ ಸರಸರ. ಅಂಚುಗಳನ್ನು ದುಂಡಗೆ ಮಾಡಲು ನನಗೂ ಒಂದು ತುಂಡು ಕೊಟ್ಟರು. ಬಣ್ಣ ಯಾವುದು ಎಂಬ ಚರ್ಚೆ ಎದ್ದಾಗ ಸುಲಿಯುತ್ತಿದ್ದ ಹೆಂಗಸೊಬ್ಬರು ತಲೆಯೆತ್ತದೆ ಹೇಳಿದರು, “ಚೊಗರು ಹಚ್ಚಿ ನೋಡಿ.” ಅಡಿಕೆ ಬೇಯಿಸಿದ ಕೆಂಪು ರಸ! ಹೆಗ್ಗೋಡಿನ ‘ಚರಕ’ ಕೈಮಗ್ಗ ಸಂಸ್ಥೆಯವರು ಇದರಲ್ಲೇ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಬಟ್ಟೆಯ ಉಂಡೆಯಿಂದ ಒರೆಸಿದಂತೆ ಹಳದಿ ಹಲಸು ಕೆಂಪಿಗೆ, ಕೆಂಪಿನಿಂದ ಕಂದಿಗೆ ತಿರುಗಿತು. ಅದರ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶು. ಬೆಳಗಿನ ಮಂಜಿನಲ್ಲಿ ಹಚ್ಚಿದರೆ ಮೈ ಬೆಳ್ಳಗೆ ಮಸುಕಾಗುತ್ತದೆಂದು ಮಧ್ಯಾಹ್ನದ ಬಿಸಿಲಿಗೆ ಕಾಯಬೇಕಾಯಿತು. ಗದಗಿನಲ್ಲಾದರೆ ಹಚ್ಚುವಷ್ಟರಲ್ಲಿ ಒಣಗುತ್ತಿತ್ತು, ಮೇಲೆ ಧೂಳೂ ಕೂರುತ್ತಿತ್ತು.

ಬೆಸುಗೆಗೆ ಮತ್ತೆ ಕೊಪ್ಪ. ತೋಟದ ಪಂಪುಸೆಟ್ಟಿನ ಮೋಟರ್ ವೈಂಡಿಂಗ್ ಮಾಡುವ ಅಂಗಡಿ. ಸುಟ್ಟ ಕಾಯಿಲುಗಳ ರಾಶಿಯ ನಡುವೆ ಕೂತವರು ಪಿಕಪ್ಪನ್ನು ಬೆಳಕಿಗೆ ಹಿಡಿದು, “ಇಷ್ಟೇ ತಾನೆ? ಸುಟ್ಟರೆ ತನ್ನಿ, ಸುತ್ತಿ ಕೊಡ್ತೀನಿ” ಎಂದರು. ಐದು ಎಚ್‌ಪಿ ಮೋಟರಿನವರಿಗೆ ಇದು ಯಾವ ಲೆಕ್ಕ! ತಂತಿಗಳನ್ನು ಬೆಸೆದು, ಬ್ರಿಡ್ಜಿಗೊಂದು ಅರ್ಥಿಂಗ್ ಎಳೆದು ಕೊಟ್ಟರು.

ಮನೆಯಲ್ಲಿ ಪ್ಲಗ್ಗು ಹಾಕಿದಾಗ ಮೊದಲು ಬಂದದ್ದು ಗುಂಯ್ ಎಂಬ ಸದ್ದು. ಗೋಡೆಯ ವೈರಿನ ಕರೆಂಟು ಗಿಟಾರಿನ ಸುರುಳಿಗೆ ಕೇಳಿಸುತ್ತಿತ್ತು. ಪುಟ್ಟಿ ತಂತಿ ಮುಟ್ಟಿದಳು, ಗುಂಯ್ ಇಳಿಯಿತು. ಕೈ ತೆಗೆದಳು, ಮತ್ತೆ ಏರಿತು. ಮುಟ್ಟಿದಾಗ ಅವಳ ಮೈಯೂ ಅರ್ಥಿಂಗಿಗೆ ಸೇರುತ್ತದಂತೆ. ಆಚಾರ್ರಿಗೆ ಹಾಡಿಗಿಂತ ಇದೇ ಹಿಡಿಸಿತು, ಬೆರಳಿಟ್ಟು ತೆಗೆದು ಆಡುತ್ತಲೇ ಇದ್ದರು. ಗೆಳೆಯ ಪಂಪುಹೌಸಿನ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿದು ಬಂದ ಮೇಲೆ ಸದ್ದು ಸಾಕಷ್ಟು ತಗ್ಗಿತು. ಆಮೇಲೆ ಪುಟ್ಟಿ ನುಡಿಸಿದಳು. ಹಲಸಿನ ದನಿ ಹೇಗಿತ್ತು ಎಂದು ಹೇಳುವಷ್ಟು ನನ್ನ ಕಿವಿ ಪಳಗಿಲ್ಲ. ಗುಂಡಗಿತ್ತು, ಬೇಗ ಸಾಯಲಿಲ್ಲ, ಕೊಟ್ಟಿಗೆಯ ದನಗಳು ಎದ್ದು ನಿಂತವು.

ಹೊರಡುವಾಗ ಆಚಾರ್ರು ಮಿಕ್ಕ ಹಲಗೆಯನ್ನು ಹಗ್ಗ ಕಟ್ಟಿ ನನ್ನ ಕೈಗಿತ್ತರು. ಬೇಡ ಎನ್ನಲು ಬಾಯಿ ಬರಲಿಲ್ಲ. ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಬೂಟಿನ ತುದಿಯಿಂದ ತಟ್ಟಿದರು.

“ಏನ್ರೀ ಇದು, ಬೀಟೆ ಗೀಟೆ ಅಲ್ಲ ತಾನೆ?”

“ಹಲಸ್ರೀ.”

“ಹಲಸು ಹೊತ್ಕೊಂಡು ಎಲ್ಲಿಗೆ?”

“ಗದಗಿಗ್ರಿ. ಗಿಟಾರ್ ಮಾಡಾಕ.”

ಅವರು ಹಲಗೆಯನ್ನೂ ನನ್ನನ್ನೂ ಒಮ್ಮೆ ಅಳೆದು ಲಗೇಜ್ ಟಿಕೆಟ್ ಹರಿದು ಕೊಟ್ಟರು. “ಗಿಟಾರ್ ಆದ್ರೆ ಮೇಲೆ ಇಡಿ. ಹಲಗೆ ಆದ್ರೆ ಹಿಂದೆ ಸ್ಟೆಪ್ನಿ ಪಕ್ಕ.”

ಸ್ಟೆಪ್ನಿಯ ಪಕ್ಕವೇ ಇಟ್ಟೆ.